ಬಲಗಡೆಯ ರಿಂಗ್

ಫೆಬ್ರವರಿ 9, ಸಂಜೆ

ಹಾರುವ ಮೊದಲು ಕತ್ತಲೆ ಕೋಣೆ, ಎಂದಿನಂತೆ. ಹೆಲ್ಮೆಟ್ಟಿಗೆ ನೈಟ್ ವಿಷನ್ ಗಾಗಲ್ ಸಿಕ್ಕಿಸಿ, ಗೋಡೆಯ ಮೇಲಿನ ಗೆರೆಗಳ ಪಟ ನೋಡುತ್ತ ಎರಡು ಕಣ್ಣಿನ ರಿಂಗ್‌ಗಳನ್ನೂ ತಿರುಗಿಸಿ ಸರಿಮಾಡಿಕೊಳ್ಳಬೇಕು. ಎಡಗಡೆ ಗೆರೆ ಗೆರೆಯೂ ಸ್ಪಷ್ಟ. ಬಲಗಡೆ ಎಷ್ಟು ತಿರುಗಿಸಿದರೂ ಕೆನೆ ಕಟ್ಟಿದ ಹಾಗೆ. ಸಣ್ಣ ಗೆರೆಗಳು ಹೇಗಿವೆ ಎಂದು ಮೇಷ್ಟ್ರು ಕೇಳಿದರು. ಅಡ್ಡ, ಅಡ್ಡ, ಉದ್ದ, ಅಡ್ಡ — ಬಾಯಿಪಾಠ ಒಪ್ಪಿಸಿದೆ.

ಮೇಷ್ಟ್ರು ಅಂದರೆ ಗಾಗಲ್ ಟೆಕ್ನಿಷಿಯನ್. ನಮಗೆಲ್ಲ ಅದನ್ನು ಹಾಕಿಕೊಳ್ಳಲು ಕಲಿಸಿದವರು, ಅದಕ್ಕೇ ಆ ಹೆಸರು.

"ನಿಮ್ಮ ಬಲಗಡೆ ರಿಂಗು ತಿಂಗಳಿಗೊಂದು ಗೀಟು ಮುಂದೆ ಹೋಗ್ತಿದೆ. ಗಾಗಲ್ ಬದಲಾಯಿಸಿ ಕೊಟ್ರೂ ಅಷ್ಟೇ. ಕಣ್ಣು ತೋರಿಸಿ."

"ವಯಸ್ಸು, ಮೇಷ್ಟ್ರೇ."

"ವಯಸ್ಸಾದ್ರೆ ಎರಡೂ ಕಣ್ಣಿಗೆ ಆಗ್ಬೇಕಲ್ಲ? ಒಂದಕ್ಕೇ ಏನು ಅಷ್ಟು ಅವಸರ?"

ನಕ್ಕೆ. ಮುಂದಿನ ವಾರ ತೋರಿಸುತ್ತೇನೆ ಅಂದೆ.

ಫೆಬ್ರವರಿ 17

ಡಾಕ್ಟರ ಬಾಗಿಲತನಕ ಹೋಗಿ ವಾಪಸ್ ಬಂದೆ. ಒಳಗೆ ಹೋದರೆ ಹಾರುವವರ ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಆಮೇಲೆ ಸ್ಟೋರ್ ರೂಮು, ಕಂಬಳಿ ಜೋಡಿಸುವ ಕೆಲಸ. ಹದಿನಾರು ವರ್ಷ ಹೆಲಿಕಾಪ್ಟರ್ ಬಾಗಿಲಲ್ಲಿ ಮಂಡಿಯೂರಿ ಕತ್ತಲನ್ನು ನೋಡಿದವನು ನಾನು. ಬೇರೇನು ಬರುತ್ತದೆ ನನಗೆ?

ಕಾರಿಡಾರಿನಲ್ಲಿ ಮೇಷ್ಟ್ರು ಸಿಕ್ಕರು. "ತೋರಿಸಿದ್ರಾ?"

"ತೋರಿಸ್ದೆ. ಏನೂ ಇಲ್ವಂತೆ."

ಅವರ ಮುಖ ಅರಳಿತು. ಪಾಪ, ನಂಬಿಬಿಟ್ಟರು.

ಮಾರ್ಚ್ 14

ಇಪ್ಪತ್ತೈದು ದಿನದ ಮೇಲೆ ಪೆನ್ನು ಹಿಡಿದಿದ್ದೇನೆ. ಬರೆದುಬಿಡುತ್ತೇನೆ.

ಫೆಬ್ರವರಿ 24. ಧೂಳಿನ ಮೈದಾನ. ಇಳಿಯುವಾಗ ಬಾಗಿಲಿಂದ ತಲೆ ಹೊರಹಾಕಿ ಬಲಕ್ಕೂ ಹಿಂದಕ್ಕೂ ನೋಡುವುದು ನನ್ನ ಕೆಲಸ. ಕ್ಯಾಪ್ಟನ್‌ಗೆ ಅತ್ತ ಕಾಣುವುದಿಲ್ಲ. ನಾನು ಹೇಳಿದಂತೆ ಇಳಿಸುತ್ತಾರೆ. "ಬಲಗಡೆ ಕ್ಲಿಯರ್" ಎಂದೆ.

ಕಂಬ ಇತ್ತು.

ಬಾಲದ ರೆಕ್ಕೆ ಬಡಿಯಿತು. ಒಂದು ಸುತ್ತು ತಿರುಗಿ ಮಗ್ಗುಲಾಗಿ ಬಿದ್ದೆವು. ನನಗೆ ಭುಜದ ಮೂಳೆ ಬಿರುಕು, ಅಷ್ಟೆ. ಕ್ಯಾಪ್ಟನ್‌ಗೆ ಬೆನ್ನುಮೂಳೆ.

ವಿಚಾರಣಾ ಸಮಿತಿಯವರು ಕೇಳಿದಾಗ ಗಾಗಲ್ ಮಸುಕಾಗಿತ್ತು ಅಂದೆ. ಯೋಚಿಸಿ ಹೇಳಿದ್ದಲ್ಲ... ಇಲ್ಲ, ಯೋಚಿಸಿಯೇ ಹೇಳಿದ್ದು. ಗಾಗಲ್ ಪುಡಿಪುಡಿಯಾಗಿದೆ ಎಂದು ಆಗಲೇ ಗೊತ್ತಿತ್ತು. ಪೆಟ್ಟು ನೋಡಿದ ಡಾಕ್ಟರು ಅಕ್ಷರದ ಪಟವನ್ನೂ ಓದಿಸಿದರು. ಎಡಗಣ್ಣಲ್ಲಿ ಓದಿದ್ದನ್ನೇ ಬಲಗಣ್ಣಿಗೂ ಒಪ್ಪಿಸಿದೆ.

ಮೇಷ್ಟ್ರನ್ನು ಸಸ್ಪೆಂಡ್ ಮಾಡಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ರಿಂಗಿನ ಮಾತನ್ನು ಅವರು ಸಮಿತಿಯ ಮುಂದೆ ಎತ್ತಲೇ ಇಲ್ಲವಂತೆ. ಎತ್ತುವುದಾದರೂ ಹೇಗೆ? ಕಣ್ಣು ಸರಿಯಿದೆ ಎಂದು ನಾನೇ ಹೇಳಿದ್ದೆನಲ್ಲ. ಈಗ ತಮ್ಮ ಕೈಯನ್ನೇ ಅನುಮಾನಿಸುತ್ತ ಕುಳಿತಿರುತ್ತಾರೆ.

ಮಾರ್ಚ್ 16

ಆಸ್ಪತ್ರೆಗೆ ಹೋಗಿದ್ದೆ. ಕ್ಯಾಪ್ಟನ್ ನಗುತ್ತಲೇ ಮಾತಾಡಿದರು. "ಬಿಡಯ್ಯ, ಗಾಗಲ್ ಕೈಕೊಟ್ರೆ ನೀನೇನ್ ಮಾಡ್ತೀಯ? ನೋಡು, ಬೆರಳು ಆಡ್ತಿದೆ." ಹೊದಿಕೆ ಸರಿಸಿ ತೋರಿಸಿದರು. ಹೆಬ್ಬೆರಳೊಂದೇ ಸ್ವಲ್ಪ ಅಲ್ಲಾಡಿತು.

ಮನೆಗೆ ಬಂದರೆ ಇವಳು ಇನ್ನೂ ಕುದಿಯುತ್ತಿದ್ದಾಳೆ. "ಅವನ ಕೈ ಸೇದಿಹೋಗ! ಇಡೀ ದಿನ ಕೂತ್ಕೊಂಡು ಒಂದು ಗಾಗಲ್ ನೆಟ್ಟಗೆ ನೋಡೋಕೆ ಆಗ್ಲಿಲ್ವಾ ಅವನಿಗೆ?" ತಲೆ ತಗ್ಗಿಸಿ ಊಟ ಮಾಡಿದೆ. ಎರಡನೆಯ ಸಲ ಬಡಿಸಿಕೊಂಡೆ ಕೂಡ. ಥೂ.

ಮಾರ್ಚ್ 29

ಭುಜ ವಾಸಿಯಾಗುವತನಕ ನನ್ನನ್ನು ಮೇಷ್ಟ್ರ ಜಾಗಕ್ಕೇ ಹಾಕಿದ್ದಾರೆ! ಅನುಭವ ಇದೆಯಂತೆ. ಅವರ ಸ್ಟೂಲು, ಅವರ ಮೆತ್ತನೆಯ ಬಟ್ಟೆ. ಕಪಾಟಿನ ಮೇಲೆ ಅವರ ಕೈಬರಹದ ಚೀಟಿ: "ಲೆನ್ಸಿಗೆ ಬೆರಳು ತಾಗಿಸಬೇಡಿ, ಅದು ನಿಮ್ಮ ಮೂಗಲ್ಲ." ಎಲ್ಲ ಗಾಗಲ್‌ಗಳನ್ನೂ ಎಡಗಣ್ಣಲ್ಲೇ ನೋಡಿ ಸಹಿ ಹಾಕುತ್ತಿದ್ದೇನೆ.

ಏಪ್ರಿಲ್ 3, ಮಧ್ಯಾಹ್ನ

ಕತ್ತಲೆ ಕೋಣೆಯಲ್ಲಿ ಹೊಸ ಪೈಲಟ್. ಸೇರಿ ಎರಡು ತಿಂಗಳಾಗಿರಬಹುದು. "ಸರ್, ಬಲಗಡೆದು ಮಂಜುಮಂಜಾಗಿದೆ. ನೀವೊಂದ್ಸಲ ನೋಡಿ."

ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರು ಎಡಗಣ್ಣನ್ನು ಬಲಗಡೆಗೆ ಇಡುವುದು ಹೇಗೆ? ಬಲಗಣ್ಣಲ್ಲೇ ನೋಡಿದೆ. ನನಗೆ ಎಲ್ಲವೂ ಮಂಜೇ. ಗಾಗಲಿನದೋ ನನ್ನದೋ, ದೇವರಾಣೆ ತಿಳಿಯಲಿಲ್ಲ.

"ಸರಿಯಾಗೇ ಇದೆಯಲ್ಲಮ್ಮ," ಎಂದೆ.

"ಹಾಗಾದ್ರೆ ನನ್ನ ಕಣ್ಣೇ ಇರ್ಬೇಕು. ಇವತ್ತು ಹಾರಲ್ಲ ಸರ್. ಡಾಕ್ಟರಿಗೆ ತೋರಿಸ್ತೀನಿ."

ಹೆಲ್ಮೆಟ್ ತೆಗೆದಿಟ್ಟು ಹೊರಟೇ ಹೋದಳು. ನನಗೆ ಒಂದು ವರ್ಷದಿಂದ ಆಡಲಾಗದ ಮಾತು. ಅವಳು ಅಂಜಲೂ ಇಲ್ಲ, ಅಳುಕಲೂ ಇಲ್ಲ. ನನ್ನ ಸುಳ್ಳನ್ನು ನಂಬಿ ತನ್ನ ಕಣ್ಣನ್ನೇ ಅನುಮಾನಿಸಿದಳು. ಮೇಷ್ಟ್ರಾಯಿತು, ಈಗ ಈ ಹುಡುಗಿ.

ಅದೇ ದಿನ, 5.40

ಡಾಕ್ಟರ ಫೋನು. "ಆ ಹುಡುಗಿ ಕಣ್ಣು ಎರಡೂ ಚೆನ್ನಾಗಿವೆ. ಗಾಗಲ್ ಇನ್ನೊಂದ್ಸಲ ನೋಡಿ." ಅವರ ದನಿಯಲ್ಲಿ ಒಂದಿಷ್ಟೂ ಅನುಮಾನವಿಲ್ಲ.

ಎಡಗಣ್ಣಲ್ಲಿ ನೋಡಿದೆ. ಹೌದು, ಮಂಜು. ಕೆಟ್ಟ ಗಾಗಲ್ ಕೊಟ್ಟು ಅವಳನ್ನು ಕಳಿಸುವುದರಲ್ಲಿದ್ದೆ. ಕೆಂಪು ಚೀಟಿ ಕಟ್ಟಿ ಬೇರೆ ಇಟ್ಟೆ. ಫೋನ್ ಮಾಡಿದೆ.

"ಡಾಕ್ಟರೇ, ನಾಳೆ ನಾನೂ ಬರ್ಬೇಕು."

ಏಪ್ರಿಲ್ 4

ಬಲಗಣ್ಣಿಗೆ ಪೊರೆ. ಎಷ್ಟು ದಿನದಿಂದ ಎಂದು ಕೇಳಿದರು. ಹೇಳಿದೆ. ಟಾರ್ಚ್ ಆರಿಸಿದರು.

"ಅರ್ಧ ಗಂಟೆ ಆಪರೇಷನ್ ಕಣ್ರೀ. ಆಗ್ಲೇ ಬಂದಿದ್ರೆ ಇಷ್ಟೊತ್ತಿಗೆ ಮತ್ತೆ ಹಾರ್ತಾ ಇರ್ತಿದ್ರೇನೋ."

ಇಷ್ಟೇನಾ? ಇಷ್ಟಕ್ಕಾಗಿ ಕ್ಯಾಪ್ಟನ್ ಬೆನ್ನು, ಮೇಷ್ಟ್ರ ಮಾನ!

ಸಂಜೆ ಇವಳಿಗೆ ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ.

"ನಾನು ಅವರಿಗೆ ಶಾಪ ಹಾಕ್ತಿದ್ರೆ ಎದುರಿಗೇ ಕೂತು ಉಂಡ್ರಲ್ರೀ."

ಅಷ್ಟೇ. ಒಳಗೆ ಹೋಗಿ ಮಲಗಿದಳು.

ಏಪ್ರಿಲ್ 5, ಬೆಳಿಗ್ಗೆ 6.10

ಇವಳು ಆಗಲೇ ಮೇಷ್ಟ್ರ ಮನೆಗೆ ಹೊರಟಳು. ನಾನೂ ಚಪ್ಪಲಿ ಮೆಟ್ಟಿದೆ. "ಬೇಡ. ಮೊದ್ಲು ಬರೆದು ಕೊಡಿ. ಆಮೇಲೆ ಅವರ ಮುಖ ನೋಡೋಕೆ ಬನ್ನಿ," ಎಂದಳು.

ಹತ್ತು ಗಂಟೆಗೆ ಸಮಿತಿಯ ಮುಂದೆ. ನಾಲ್ಕು ಹಾಳೆ ಹರಿದೆ. ನಾಲ್ಕರಲ್ಲೂ ಮೊದಲು ನನ್ನ ಹದಿನಾರು ವರ್ಷದ ಸೇವೆಯೇ ಬಂತು. ಅದು ಬೇಡ. ನೇರವಾಗಿ ಬರೆಯಬೇಕು. ಇಲ್ಲೇ ಬರೆದು ನೋಡುತ್ತೇನೆ.

ಮಾನ್ಯರೇ, ಗಾಗಲ್ ಸರಿಯಾಗಿತ್ತು. ಬಲಗಡೆ ಕ್ಲಿಯರ್ ಎಂದು ನಾನು ಕೂಗಿದಾಗ ನನಗೆ ಬಲಗಡೆ ಮಂಜಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.