ಉಸಿರು ಬಿಡ್ತಾ ಎತ್ತಿದೆ

ಅಮ್ಮಾ,

ನೀನು ತೀರಿಹೋಗಿ ಎರಡು ವರ್ಷ ಆದಮೇಲೆ, ಇವತ್ತು ನೀನು ದುಡಿದ ಲಾಂಡ್ರಿಯಲ್ಲೇ ನಾನು ನಿನ್ನ ಮಾತು ಮೀರಿದೆ. ಒದ್ದೆ ಬಟ್ಟೆಯ ಬುಟ್ಟಿಯನ್ನ "ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎತ್ತು" ಅಂತ ಕಲಿಸಿದವಳು ನೀನೇ ತಾನೆ? ಎರಡು ಹೆರಿಗೆ, ಮೇಲೆ ದಿನಾ ಈ ಭಾರ ಎತ್ತೋದು. ನಿನ್ನ ಹಾಗೇ ನನಗೂ ಗರ್ಭಕೋಶ ಜಾರಿದೆ, ಕೆಮ್ಮಿದರೆ ಮೂತ್ರ ಜಾರಿ ಉಟ್ಟ ಬಟ್ಟೆ ಒದ್ದೆ. ವ್ಯಾಯಾಮ ಕಲಿಸೋ ಡಾಕ್ಟರಮ್ಮ ಹೇಳಿದ್ದೇ ಬೇರೆ: ಬೆನ್ನು ನೇರ ಇಟ್ಟು, ಮಂಡಿ ಮಡಿಸಿ, ಮೂತ್ರ ತಡೆಯೋ ಹಾಗೆ ಕೆಳಗಿನಿಂದ ಮೇಲಕ್ಕೆ ಬಿಗಿದು, ಉಸಿರು ಬಿಡ್ತಾ ಎತ್ತಬೇಕಂತೆ.

ಹಾಗೇ ಎತ್ತಿದೆ. ಉಸ್ಸಂತ ಸದ್ದಾಯ್ತು. ಸೂಪರ್‌ವೈಸರ್ ನಕ್ಕ: "ಏನಕ್ಕಾ, ಯಾರ ಮನೆ ಕುಕ್ಕರ್ ಕೂಗಿದ್ದು?"

ನೀನಾಗಿದ್ದರೆ ತಲೆ ತಗ್ಗಿಸಿಬಿಡ್ತಿದ್ದೆ. ನಾನು ಬುಟ್ಟಿ ಇಳಿಸಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: "ಗರ್ಭಕೋಶ ಜಾರಿದೆ ಕಣಪ್ಪಾ. ನಿಮ್ಮಮ್ಮನಿಗೂ ಜಾರಿರಬಹುದು, ಹೋಗಿ ಕೇಳು."

ಅವನು ಆ ಕಡೆ ತಿರುಗಿ ಬಟ್ಟೆ ಎಣಿಸೋಕೆ ಶುರುಮಾಡಿದ. ಊಟದ ಹೊತ್ತಿಗೆ ಇಸ್ತ್ರಿ ಮಾಡೋ ಮೂವರು ಪಕ್ಕಕ್ಕೆ ಬಂದು ಕೂತು, "ನಮಗೂ ಹೇಳಿಕೊಡೇ" ಅಂದರು. ಅವರಲ್ಲೊಬ್ಬಳು ನಿನ್ನ ಗೆಳತಿ. ಅವಳಿಗೂ ಇದೇ ಕಷ್ಟವಂತೆ. ಇಪ್ಪತ್ತು ವರ್ಷ ಅಕ್ಕಪಕ್ಕ ನಿಂತು ದುಡಿದರೂ ನೀವಿಬ್ಬರೂ ಇದರ ಬಗ್ಗೆ ಬಾಯಿ ಬಿಡಲಿಲ್ಲವಲ್ಲ!

ಸಂಜೆ ಮನೆಗೆ ಬಂದವಳೇ, ಸೋಫಾದಲ್ಲಿ ನಿನ್ನ ಜಾಗದ ಮೇಲಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತೆಸೆದೆ. ನೀನು ಕೂತರೆ ಸೋಫಾ ಒದ್ದೆಯಾಗುತ್ತೆ ಅಂತ ಅದನ್ನ ಹಾಸಿದವಳು ನಾನು. ಅವತ್ತಿಂದ ನೀನು ನೆಲದ ಮೇಲೇ ಕೂರ್ತಿದ್ದೆ.

ಈಗ ನಿನ್ನ ಜಾಗದಲ್ಲೇ ಕೂತು ಬರೀತಿದೀನಿ. ಕೆಮ್ಮು ಬಂದರೆ ಬರಲಿ.