ಅಪ್ಪನ ಪಿಟೀಲಿನ ವಿಚಾರ

ಸೋಮವಾರ, ಬೆಳಿಗ್ಗೆ

ತಂಗಿ ಗುಬ್ಬಿಗೆ ಅಕ್ಕನ ಆಶೀರ್ವಾದ.

ಈ ಮನೆಗೂ ಈ ಲಾಂಡ್ರಿಗೂ ಹಿರಿಯಳು ನಾನು. ನಿನ್ನ ಭಾವ ಹೋದ ಮೇಲೆ ಇಬ್ಬರು ಗಂಡುಮಕ್ಕಳನ್ನೂ, ಇಬ್ಬರು ಸೊಸೆಯರನ್ನೂ, ಆಸ್ಪತ್ರೆ ಹೋಟೆಲುಗಳಿಂದ ಬರುವ ಚಾದರಗಳ ರಾಶಿಯನ್ನೂ ನಿಭಾಯಿಸಿಕೊಂಡು ಬಂದವಳು. ಓದಿದ್ದು ಹೈಸ್ಕೂಲಿನ ತನಕ ಅಷ್ಟೇ. ಆದರೂ ಇಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲ. ಜಂಬಕ್ಕೆ ಬರೆಯುತ್ತಿಲ್ಲ. ನಿನ್ನ ಕಾಗದದಲ್ಲಿ ಎರಡು ಕಡೆ ನನ್ನನ್ನು “ಪಾಪ ಅಕ್ಕ” ಎಂದಿದ್ದೀಯ. ಯಾರಿಗೆ ಬರೆಯುತ್ತಿದ್ದೀಯ ಎಂಬುದು ನೆನಪಿರಲಿ ಎಂದು ಹೇಳಿದೆ.

ಕೈ ಹೇಗಿದೆ ಎಂದು ಕೇಳಿದ್ದೀಯ. ಗಾಯ ಮಾಯ್ದಿದೆ, ಕೈ ವಾಸಿಯಾಗಿಲ್ಲ. ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಕೊಡುವಾಗ ಚಾದರದ ಅಂಚು ಮಡಚಿಕೊಂಡಿತ್ತು. ಬಿಡಿಸಲು ಹೋದೆ, ಬಟ್ಟೆಯ ಜೊತೆಗೆ ಕೈಯೂ ಒಳಗೆ ಹೋಯಿತು. ಈಗ ಎಡಗೈಯ ಕಿರುಬೆರಳೂ ಉಂಗುರದ ಬೆರಳೂ ಅಂಗೈಗೆ ಅಂಟಿಕೊಂಡು ಕೂತಿವೆ. ನಡುಬೆರಳು ಅರ್ಧ ಬಗ್ಗುತ್ತದೆ, ಅದೂ ಅದಕ್ಕೆ ಮನಸ್ಸು ಬಂದಾಗ. ಹೆಬ್ಬೆರಳು, ತೋರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತವೆ. “ಇನ್ನು ಇಷ್ಟೇ ಅಮ್ಮಾ, ಒಪ್ಕೊಂಡ್ಬಿಡಿ” ಎಂದ ಡಾಕ್ಟರು. ನನ್ನ ದೊಡ್ಡ ಮಗನಿಗಿಂತ ಚಿಕ್ಕವನು, ಒಪ್ಪಿಕೊಳ್ಳುವುದನ್ನು ನನಗೆ ಕಲಿಸಲು ಬಂದ.

ದಿನವಿಡೀ ಯಂತ್ರಗಳ ಗದ್ದಲ, ಅವು ನಿಂತ ಮೇಲೆ ಪಿಟೀಲು. ನನ್ನ ದಿನಗಳು ಹಾಗೆ ಕಳೆದವು. ಪಿಟೀಲು ಗಲ್ಲಕ್ಕೆ ಒತ್ತಿಕೊಂಡಿರುವಷ್ಟು ಹೊತ್ತು ಮಾತ್ರ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆಯೂ ಅಲ್ಲ. ಈಗ ಯಂತ್ರ ನಿಂತರೆ ನಿಂತದ್ದೇ. ಹಗ್ಗದ ಮೇಲಿನ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತದೆ. ಅದನ್ನು ಕೇಳುತ್ತಾ ಕೂರುತ್ತೇನೆ.

ಮನೆಯವರು ಸುಮ್ಮನೆ ಕೂರಲಿಲ್ಲ ಎನ್ನು. ದೊಡ್ಡವನು ಟ್ರಂಪೆಟ್ ತಂದ, ಅದಕ್ಕೆ ಬಲಗೈ ಬೆರಳುಗಳೇ ಸಾಕಂತೆ. ಉಸಿರು ಕಟ್ಟಿ ಊದಿದೆ. ಸ್ವರದ ಬದಲು ನನ್ನ ಹಲ್ಲಿನ ಸೆಟ್ಟು ಹೊರಗೆ ಬಂತು. ದೊಡ್ಡ ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ನಾನೂ ನಕ್ಕೆ. ಆಮೇಲೆ ನಕ್ಕ ನೆನಪಿಲ್ಲ.

ಚಿಕ್ಕ ಸೊಸೆ ಕೀಬೋರ್ಡ್ ತಂದಿಟ್ಟಳು. “ಒಂದು ಬೆರಳು ಇಟ್ರೆ ಸಾಕು ಅತ್ತೆ, ಮಿಕ್ಕಿದ್ದೆಲ್ಲ ಅದೇ ಬಾರಿಸುತ್ತೆ” ಎಂದಳು. “ಹಾಗಾದ್ರೆ ನಾನ್ಯಾಕಮ್ಮಾ ಮಧ್ಯ? ಆ ಒಂದು ಬೆರಳೂ ಅದೇ ಇಟ್ಕೊಳ್ಲಿ” ಎಂದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಎತ್ತಿಟ್ಟಳು.

ನಮ್ಮ ವ್ಯಾನಿನ ಡ್ರೈವರು ಮೌತ್ ಆರ್ಗನ್ ಕೊಟ್ಟ. “ಇದಕ್ಕೆ ಒಂದೇ ಕೈ ಸಾಕಮ್ಮಾ, ನಾನು ಸ್ಟೇರಿಂಗ್ ಹಿಡ್ಕೊಂಡೇ ನುಡಿಸ್ತೀನಿ” ಎಂದ. ಅವತ್ತಿನಿಂದ ಅವನ ವ್ಯಾನು ಹತ್ತಲು ಜೀವ ಹೆದರುತ್ತದೆ. ಆದರೆ ಸುಳ್ಳು ಹೇಳಬಾರದು, ಅದು ನುಡಿಯಿತು. ನನ್ನ ಕೈಗೆ ಹೊಂದಿದ್ದು ಅದೊಂದೇ. ಏನು ನುಡಿಸಿದರೂ ಪಿಕ್‌ನಿಕ್ಕಿಗೆ ಹೊರಟವರ ಹಾಡಿನಂತೆ ಕೇಳುತ್ತದೆ, ಅಷ್ಟೇ. ಬಾಗಿಲು ಹಾಕಿಕೊಂಡು ಒಂದು ವಾರ ನುಡಿಸಿ ಅವನಿಗೇ ವಾಪಸು ಕೊಟ್ಟೆ.

ಅಷ್ಟು ಹೊತ್ತಿಗೆ ನಿನ್ನ ಕಾಗದ ಬಂತು. “ಹೇಗೂ ನಿನಗೆ ಇನ್ನು ಉಪಯೋಗವಿಲ್ಲ, ಅಪ್ಪನ ಪಿಟೀಲು ನನ್ನ ಮಗಳಿಗೆ ಕೊಡು. ವಾದ್ಯವೃಂದಕ್ಕೆ ಆಯ್ಕೆ ನಡೆಯುತ್ತಿದೆ, ಬಾಡಿಗೆ ಪಿಟೀಲು ಹಿಡಿದು ಹೋದರೆ ಅವಳನ್ನು ಯಾರು ಕೇಳುತ್ತಾರೆ” ಎಂದು ಬರೆದಿದ್ದೆ. ಅಪ್ಪ ಅದನ್ನು ನಮ್ಮಿಬ್ಬರಿಗೂ ಸೇರಿಸಿ ಬಿಟ್ಟದ್ದು ಎಂದೂ ನೆನಪಿಸಿದ್ದೆ. ಹೌದು, ಇಬ್ಬರಿಗೂ ಬಿಟ್ಟದ್ದು. ಇಲ್ಲ ಎನ್ನುವುದಿಲ್ಲ.

ಉತ್ತರ ಬರೆಯಲು ತಡವಾಯಿತು, ಏಕೆಂದರೆ ಉತ್ತರ ಪಿಟೀಲು ರಿಪೇರಿಯವನ ಬೆಂಚಿನ ಮೇಲಿತ್ತು.

ಇದು ನಿನಗೂ ಗೊತ್ತಿರಲಿಕ್ಕಿಲ್ಲ. ಕೈ ಅದಲು ಬದಲು ಮಾಡಿಕೊಂಡು, ಬಲಗೈ ಬೆರಳಿನಿಂದ ತಂತಿ ಒತ್ತಿ ಎಡಗೈಯಲ್ಲಿ ಕಮಾನು ಎಳೆಯಬೇಕೆಂದರೆ ತಂತಿಗಳನ್ನು ಹಿಂದುಮುಂದು ಕಟ್ಟಿದರೆ ಸಾಲದು. ಒಳಗೆ ಒಂದು ಪಕ್ಕಕ್ಕೆ ಉದ್ದನೆಯ ಪಟ್ಟಿ, ಇನ್ನೊಂದು ಪಕ್ಕಕ್ಕೆ ಪುಟ್ಟ ಕಡ್ಡಿ ಇರುತ್ತದೆ. ಪಿಟೀಲಿನ ಮೇಲ್ಹಲಗೆ ಎಬ್ಬಿಸಿ ಅವೆರಡರ ಜಾಗ ಬದಲಿಸಬೇಕು. ರಿಪೇರಿಯವನು ಮೊದಲು ಮುಟ್ಟಲೇ ಇಲ್ಲ.

“ಹೊಟ್ಟೆ ಸೀಳಿ ಹೊಲಿದ ಮೇಲೆ ಇದೇ ದನಿ ಬರುತ್ತೆ ಅಂತ ನನ್ ಕೈಲಿ ಹೇಳಕ್ಕಾಗಲ್ಲಮ್ಮಾ. ನಿಮಗೆ ಅಂತ ಹೊಸದೊಂದು ಎಡಗೈದೇ ತರಿಸ್ತೀನಿ, ಅದ್ರಲ್ಲಿ ಕಲೀರಿ. ಇದನ್ನ ಬಿಡಿ” ಎಂದ.

“ನಿನ್ನ ಹತ್ರ ಬುದ್ಧಿ ಕೇಳೋಕೆ ಬಂದಿಲ್ಲ” ಎಂದೆ.

“ಒಂದು ಸಲ ತಿರುಗಿಸಿದ್ರೆ ಇನ್ಯಾರಿಗೂ ಇದನ್ನ ನುಡಿಸೋಕೆ ಬರಲ್ಲ.”

“ಅದು ನನಗೆ ಗೊತ್ತಿದೆ. ಬಿಚ್ಚು.”

ನನ್ನೆದುರಿಗೇ ಬಿಚ್ಚಿದ. ತೆಳ್ಳನೆಯ ಅಲಗನ್ನು ಅಂಚಿನೊಳಗೆ ತೂರಿಸಿ ಸುತ್ತಲೂ ಜರುಗಿಸಿದ. ಹಳೆಯ ಅಂಟು ಚಿಟಚಿಟ ಎಂದು ಬಿಟ್ಟುಕೊಂಡಿತು. ಒಳಗಿನ ಮರ ಈಗತಾನೇ ಕಡಿದಂತೆ ಬೆಳ್ಳಗಿತ್ತು ಗುಬ್ಬಿ. ಅಪ್ಪನೂ ಅದನ್ನು ನೋಡಿರಲಿಲ್ಲ. ನಾನು ನೋಡಬಾರದಿತ್ತು.

ಮೊನ್ನೆ ಮನೆಗೆ ತಂದೆ. ದಿಂಬಿನ ಚೀಲ ಹರಿದು, ಆ ಬಟ್ಟೆಯ ತುಂಡಿನಿಂದ ಕಮಾನನ್ನು ಎಡಗೈಗೆ ಬಿಗಿದುಕೊಂಡೆ. ಬಲಗೈ ಬೆರಳುಗಳು ತಂತಿಯ ಮೇಲೆ ಎಲ್ಲಿ ಕೂರಬೇಕೆಂದು ತಿಳಿಯದೆ ದಿಕ್ಕೆಟ್ಟವು. ಇಷ್ಟು ವರ್ಷ ಕಮಾನು ಹಿಡಿದ ಕೈ ಅದು, ಅದಕ್ಕೇನು ಗೊತ್ತು? ದನಿಯೇನೋ ಬರುತ್ತದೆ. ತಗಡಿನ ಡಬ್ಬದೊಳಗೆ ಯಾರೋ ಕೆಮ್ಮಿದಂತೆ. ಕಲಿಯದಿರುವುದು ನನ್ನ ಕೈಯೊಂದೇ ಆಗಿದ್ದರೆ ಕಲಿಸುತ್ತಿದ್ದೆ. ಖಾಲಿ ತಂತಿ ಮೀಟಿದರೂ ಹಾಗೆಯೇ ಕೇಳುತ್ತದೆ. ಮರದೊಳಗಿಂದಲೇ ಆ ಹಳೆಯ ದನಿ ಹೋಗಿದೆ.

ಮಕ್ಕಳು ಬಂದು ಬಾಗಿಲಲ್ಲಿ ನಿಂತರು. ದೊಡ್ಡವನು “ಚೆನ್ನಾಗಿದೆಯಮ್ಮಾ, ರೂಢಿ ಆದ್ರೆ ಬರುತ್ತೆ” ಎಂದ. ಈ ಮನೆಯಲ್ಲಿ ನನಗೆ ಯಾರೂ ಎದುರು ಹೇಳುವುದಿಲ್ಲವಲ್ಲ. ಅದು ಎಷ್ಟು ದೊಡ್ಡ ಶಿಕ್ಷೆ ಎಂದು ಅವತ್ತು ತಿಳಿಯಿತು.

ಆದ್ದರಿಂದ ನಿನ್ನ ಕಾಗದಕ್ಕೆ ನನ್ನ ಉತ್ತರ ಇದು. ಅಪ್ಪನ ಪಿಟೀಲು ನಿನ್ನ ಮಗಳಿಗೆ ಸಿಗುವುದಿಲ್ಲ. ಕೊಟ್ಟರೂ ಅವಳ ಕೈಗೆ ಹೊಂದುವುದಿಲ್ಲ. ನಿನ್ನನ್ನು ಕೇಳದೆ ಮಾಡಿಸಿದ್ದೇನೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಆಗಲೂ ನಾನು ಮಾಡಿಸುತ್ತಿದ್ದೆ. ಮಾಡಿಸಿ ಆಗಿದೆ.

ನಿನ್ನ ಅಕ್ಕ

ತಾ.ಕ.: ನಿನ್ನ ಮಗಳು ನಿನಗೆ ಹೇಳಿರಲಿಕ್ಕಿಲ್ಲ. ನಿನ್ನ ಕಾಗದ ಬಂದ ಮೇಲೆ ಅವಳೊಬ್ಬಳೇ ಇಲ್ಲಿಗೆ ಬಂದಿದ್ದಳು. ಪಿಟೀಲು ಕೊಡಿ ಎಂದು ಕೇಳಲಿಲ್ಲ. “ದೊಡ್ಡಮ್ಮಾ, ನಿಮ್ ಬಲಗೈ ಚೆನ್ನಾಗೇ ಇದೆಯಲ್ಲಾ. ನೀವು ಕಮಾನು ಎಳೀರಿ, ನಾನು ಬೆರಳು ಇಡ್ತೀನಿ” ಎಂದು ಪಕ್ಕಕ್ಕೆ ಒತ್ತಿಕೊಂಡು ಕೂತಳು. ಒಂದೇ ಪಿಟೀಲನ್ನು ಇಬ್ಬರೂ ನುಡಿಸಿದೆವು. ಗುಬ್ಬಿ, ಎಷ್ಟು ಚೆನ್ನಾಗಿ ಬಂತೆಂದರೆ ಕೆಲಸದವರೆಲ್ಲ ಇಸ್ತ್ರಿ ನಿಲ್ಲಿಸಿದರು. ನನ್ನೆರಡು ಕೈಯೂ ನೆಟ್ಟಗಿದ್ದಾಗ ಒಂದು ದಿನವೂ ಹಾಗೆ ಬಂದಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಅದನ್ನು ರಿಪೇರಿಯವನ ಹತ್ತಿರ ಒಯ್ದೆ.

ಪರೀಕ್ಷೆ ಮುಗಿದ ಮೇಲೆ ಮತ್ತೆ ಬರುತ್ತೇನೆ, ಹಾಗೆಯೇ ನುಡಿಸೋಣ ಎಂದು ಹೇಳಿ ಹೋಗಿದ್ದಾಳೆ. ಶನಿವಾರ ಬರುತ್ತಾಳೆ. ಅಷ್ಟರೊಳಗೆ ನೀನೇ ಅವಳಿಗೆ ಹೇಳು. ನನಗೆ ಬಾಯಿ ಬರುವುದಿಲ್ಲ.