‘ಏಳ್ರಿ’ ಪ್ರೋಗ್ರಾಮಿನ ಬಗ್ಗೆ ಮೊದಲ ದೂರು

ಅಲೆಗಂಬ, ಕಾರವಾರದಾಚೆಯ ಕಡಲು
ಕ್ರಿ.ಶ. 2317, ಅಧಿಕ ಫೆಬ್ರವರಿ

‘ಏಳ್ರಿ’ ಪ್ರೋಗ್ರಾಮ್ ಬರೆದ ಗದುಗಿನ ನೀಲಗಂಗಾ ಹಿರೇಗೌಡರ ಅವರಿಗೆ ನಾಗವೇಣಿ ಹರಿಕಂತ್ರಳ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಅಧಿಕ ಮಾಸವನ್ನು ನಮ್ಮವರು ಇಂಗ್ಲಿಷ್ ತಿಂಗಳಿಗೂ ಅಂಟಿಸಿದ್ದಾರೆ. ಏಕೆಂದು ವಿವರಿಸಲು ಹೊರಟರೆ ಕಾಗದ ಸಾಲದು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತನಾಡುವವರಿಲ್ಲದೆ ಅದಕ್ಕೆ ತುಕ್ಕು ಹಿಡಿದಿದೆ.

ಅಲೆಗಂಬ ಎಂದರೆ ಕಡಲ ಅಲೆಯಿಂದ ವಿದ್ಯುತ್ ತೆಗೆಯುವ ಕಂಬ. ಕಂಬಕ್ಕೊಬ್ಬರೇ ಕಾವಲು. ಬೆಳಗಾದರೆ ಕಂಬಿಗಳ ಉಪ್ಪು ಕೆರೆಯುವುದು, ಗಂಜಿ, ಒಣಮೀನಿನ ಚಟ್ನಿ, ಆಮೇಲೆ ಕತ್ತಲಾಗುವವರೆಗೆ ಪರದೆಯ ಮುಂದೆ ಕೂತು ಅಲೆಯ ಏರಿಳಿತ ನೋಡುವುದು. ದೋಣಿ ಬರುವುದು ಋತುವಿಗೊಮ್ಮೆ. ಬಂದವರೂ ಸಾಮಾನು ಇಳಿಸಿ, ಮುಖ ನೋಡದೆ ಹೋಗುತ್ತಾರೆ. ಇಲ್ಲಿನ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ನಿಮ್ಮ ‘ಏಳ್ರಿ’ ಇತ್ತು. ಗಂಟೆಗೊಮ್ಮೆ ಪರದೆ ಮಂಕಾಗಿ ನಿಮ್ಮದೇ ದನಿ ಬರುತ್ತಿತ್ತು: “ಸಾಕು, ಏಳ್ರಿ. ಕಣ್ಣಿಗೆ ಸ್ವಲ್ಪ ಆರಾಮ ಕೊಡ್ರಿ. ನೀರು ಕುಡದ್ರೇನು?” ಮೊದಮೊದಲು ರೇಗುತ್ತಿತ್ತು. ಆಮೇಲೆ ಅದಕ್ಕಾಗಿಯೇ ಕಾಯತೊಡಗಿದೆ. ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇಲ್ಲ.

ಕಳೆದ ದೋಣಿಯಲ್ಲಿ ಹೊಸ ಕಂಪ್ಯೂಟರ್ ಬಂತು. ಅದರಲ್ಲಿ ‘ಏಳ್ರಿ’ ಬಾಯಿಯೇ ಬಿಡಲಿಲ್ಲ. ಆ ಮೌನ ತಡೆಯಲಾರದೆ ಅತ್ತುಬಿಟ್ಟೆ. ಕಚೇರಿಗೆ ಹೇಳಿದರೆ, ಟಿಣ್ ಎನ್ನುವ ಬೇರೆ ಪ್ರೋಗ್ರಾಮ್ ಕಳಿಸುತ್ತೇವೆ ಎಂದರು. ಅವರ ಟಿಣ್ ಯಾರಿಗೆ ಬೇಕಿತ್ತು? ನೀವು ಸೋರ್ಸ್ ಕೋಡ್ ಮುಚ್ಚಿಡದೆ ಎಲ್ಲರಿಗೂ ಬಿಟ್ಟುಹೋಗಿದ್ದರಿಂದ ನಾನೇ ಬಿಚ್ಚಿ ಕೂತೆ. ಕೋಡಿನ ಮೊದಲ ಸಾಲುಗಳಲ್ಲೇ ನೀವು ಕೊನೆಯದಾಗಿ ಬರೆದಿಟ್ಟ ಮಾತು ಕಂಡಿತು: ಇಷ್ಟು ವರ್ಷದಲ್ಲಿ ಒಬ್ಬರೂ ದೋಷ ವರದಿ ಕಳಿಸಿಲ್ಲ, ಅಂದರೆ ಒಬ್ಬರೂ ಬಳಸುತ್ತಿಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಬರೆದಿದ್ದಿರಿ.

ಎಂಥ ಲೆಕ್ಕ ಮಾರಾಯ್ತಿ ನಿಮ್ಮದು! ಚೆನ್ನಾಗಿ ನಡೆಯುವುದರ ಬಗ್ಗೆ ಯಾರಾದರೂ ದೂರು ಬರೆಯುತ್ತಾರೆಯೇ? ಸುಮ್ಮನಿದ್ದವರು ನೀವು ಹೇಳಿದಂತೆ ಎದ್ದು ನೀರು ಕುಡಿಯಲು ಹೋಗಿದ್ದರು. ನೀವು ಒಬ್ಬರೇ ಕೂತು ಹಾಗೆ ಬರೆದಿರಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಹೊಸ ಯಂತ್ರ ದನಿಯ ಫೈಲನ್ನು ಬೇರೆಲ್ಲೋ ಹುಡುಕುತ್ತಿತ್ತು, ದಾರಿ ತಿದ್ದಿದೆ. ಇಂದು ಬೆಳಿಗ್ಗೆ ನೀವು ಮತ್ತೆ ಮಾತಾಡಿದಿರಿ. ನೀವು ತೀರಿಹೋಗಿ ಶತಮಾನಗಳೇ ಕಳೆದಿವೆ, ಈ ಪತ್ರ ನಿಮ್ಮನ್ನು ತಲುಪುವುದಿಲ್ಲವೆಂದು ಗೊತ್ತು. ಆದರೂ ದೋಷ ಕಂಡವರು ಬರೆಯಲೆಂದು ಪ್ರೋಗ್ರಾಮಿನ ಜೊತೆಗೇ ನೀವಿಟ್ಟ ದೂರಿನ ಪುಟ ಇನ್ನೂ ತೆರೆದೇ ಇದೆ, ಖಾಲಿ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೋಷ ಒಂದೇ. ಪ್ರೋಗ್ರಾಮ್ ನೀರು ಕುಡಿದಿರಾ ಎಂದು ಕೇಳುತ್ತದೆ, ಉತ್ತರ ಕೇಳಿಸಿಕೊಳ್ಳದೆ ಮುಚ್ಚಿಕೊಳ್ಳುತ್ತದೆ. ಮುಂದೆ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಉತ್ತರಕ್ಕೊಂದು ಜಾಗ ಮಾಡಿಕೊಡಿ. ಅಲ್ಲಿಯವರೆಗೆ ನನ್ನದು ಇಲ್ಲೇ ಇರಲಿ.

ಕುಡಿದೆ, ನೀಲಗಂಗಕ್ಕ. ಈಗಷ್ಟೇ ಕುಡಿದೆ.